ಜೀವನಚರಿತ್ರಾ ಲಕ್ಷಣ ಸಂಗ್ರಹ: ಸೂತ್ರ, ಭಾಷ್ಯ ಮತ್ತು ಖರ್ಚುವೆಚ್ಚ ಸಹಿತ

ಕಾವ್ಯಕ್ಕೆ ಲಕ್ಷಣ ಹೇಳಿದವರು ಬೇಕಾದಷ್ಟು ಮಂದಿ. ನಾಟಕಕ್ಕೆ ಭರತನಿದ್ದಾನೆ. ಜೀವನಚರಿತ್ರೆ ಮಾತ್ರ ಹೇಳುವವರು ಕೇಳುವವರಿಲ್ಲದೆ ಬೀದಿಬಸವನ ಹಾಗೆ ಮೇದುಕೊಂಡು ಬೆಳೆದಿದೆ. ಈ ಕೊರತೆ ನೀಗಲೆಂದೇ ಪ್ರಸ್ತುತ ಶಾಸ್ತ್ರ. ಮೂಲಸೂತ್ರ ಒಂದೇ: ಖರ್ಚು ಯಾರದೋ ಅವನೇ ಧೀರೋದಾತ್ತ. ಮಿಕ್ಕದ್ದೆಲ್ಲ ಭಾಷ್ಯ.

ಮೊದಲು ಪ್ರಾಚೀನರು. 941ರ ಸುಮಾರಿಗೆ ಪಂಪ 'ವಿಕ್ರಮಾರ್ಜುನ ವಿಜಯ' ಬರೆದು, ವೇಮುಲವಾಡದ ಅರಿಕೇಸರಿಯೇ ಅರ್ಜುನ ಎಂದ. ಅಲ್ಲಿಗೆ ಒಂದು ತೊಡಕು ಎದುರಾಯಿತು. ಅರ್ಜುನನ ಹೆಂಡತಿ ಐವರ ಹೆಂಡತಿ. ಅರಿಕೇಸರಿಯ ಎದುರಿಗೆ, ತುಂಬಿದ ಸಭೆಯಲ್ಲಿ, ಇದನ್ನು ಓದಿ ಹೇಳುವುದು ಹೇಗೆ? ಎಷ್ಟಾದರೂ ವ್ಯಾಸರು ಉಂಬಳಿ ಕೊಡುವವರಲ್ಲ. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ; ಕೊನೆಗೆ ಪಟ್ಟವನ್ನೂ ಅವನಿಗೇ ಕಟ್ಟಿಸಿ, ಪಕ್ಕದಲ್ಲಿ ಸುಭದ್ರೆಯನ್ನು ಕೂರಿಸಿದ. ಧರ್ಮರಾಯ ದೊಡ್ಡ ಮನಸ್ಸು ಮಾಡಿದ. ಪಂಪನಿಗೆ ಧರ್ಮವುರವೆಂಬ ಅಗ್ರಹಾರ ದೊರೆಯಿತು. ವಿದ್ವಾಂಸರು ಇದನ್ನು ಲೌಕಿಕ-ಆಗಮಿಕ ಎಂದೆಲ್ಲ ಚರ್ಚಿಸಿದ್ದಾರೆ. ನಮ್ಮ ಶಾಸ್ತ್ರದಲ್ಲಿ ಇದರ ಹೆಸರು 'ಪ್ರಾಯೋಜಕಾನುಕೂಲ ಪಾಠಾಂತರ'. ಪಂಪ ಮಹಾಕವಿಯಾದ್ದರಿಂದ ಇಷ್ಟಾದರೂ ಕಾವ್ಯ ಉಳಿಯಿತು. ಇತರರ ವಿಷಯದಲ್ಲಿ ಉಳಿಯುವುದು ಪ್ರೆಸ್ಸಿನವರ ಬಾಕಿ.

ಇನ್ನು ಬಿಲ್ಹಣ. ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದು ಆರನೆಯ ವಿಕ್ರಮಾದಿತ್ಯನ ಚರಿತೆ ಬರೆದವನು. ಈ ದೊರೆ 1076ರಲ್ಲಿ ಸ್ವಂತ ಅಣ್ಣ ಸೋಮೇಶ್ವರನನ್ನು ಇಳಿಸಿ ಸಿಂಹಾಸನ ಹತ್ತಿದ್ದ. ಕವಿಗೆ ಪೇಚಾಟ. ಬಿಲ್ಹಣ ಸೀದಾ ಶಿವನನ್ನೇ ಕರೆತಂದ: ತಮ್ಮನಿಗೆ ರಾಜ್ಯದ ಆಸೆ ಎಳ್ಳಷ್ಟೂ ಇರಲಿಲ್ಲ, ಆದರೆ ಶಿವನ ಅಪ್ಪಣೆಯಾಯಿತು, ಮೀರುವುದು ಹೇಗೆ? 'ಕಾರ್ಯಕರ್ತರ ಒತ್ತಾಯಕ್ಕೆ ಮಣಿದು' ಎಂದು ಈಗಿನವರು ಹೇಳುವುದರ ಆಕರ ಇಲ್ಲಿದೆ ಎಂಬುದನ್ನು ಯಾರೂ ಗಮನಿಸಿಲ್ಲ. ಕಥೆ ಮುಗಿದ ಮೇಲೆ, 18ನೆಯ ಸರ್ಗದಲ್ಲಿ, ಕವಿ ರಾಜನನ್ನು ಪಕ್ಕಕ್ಕೆ ಸರಿಸಿ ತನ್ನ ಊರು, ವಂಶ, ತಿರುಗಾಟಗಳನ್ನು ಬಣ್ಣಿಸುತ್ತಾನೆ. ಬಾಣನಿಗೆ ಅಷ್ಟು ಕಾಯುವ ತಾಳ್ಮೆಯೂ ಇರಲಿಲ್ಲ. ಹರ್ಷಚರಿತದ ಎಂಟು ಉಚ್ಛ್ವಾಸಗಳಲ್ಲಿ ಮೊದಲೆರಡನ್ನು ಬಹುಮಟ್ಟಿಗೆ ತನ್ನ ಮನೆತನಕ್ಕೇ ಮೀಸಲಿಟ್ಟ. ಹರ್ಷ ನಮ್ಮ ಪುಲಕೇಶಿಗೆ ಸೋತದ್ದು ಮಾತ್ರ ಅಲ್ಲಿಲ್ಲ, ಕಥೆ ಅಲ್ಲಿಯವರೆಗೆ ಬರುವುದೇ ಇಲ್ಲ. ಅದಕ್ಕೆ ಐಹೊಳೆಯ ಗುಡ್ಡ ಹತ್ತಬೇಕು. 634ರ ಶಾಸನದಲ್ಲಿ ರವಿಕೀರ್ತಿ ಆ ಸೋಲನ್ನು ದಾಖಲಿಸಿದ್ದಾನೆ. ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮ ಎಂಬುದನ್ನೂ ಮರೆಯದೆ ಸೇರಿಸಿದ್ದಾನೆ. ಉಪಸೂತ್ರ: ನಾಯಕನ ಸೋಲು ತಿಳಿಯಬೇಕಾದರೆ ಎದುರಾಳಿಯ ಕವಿಯನ್ನು ಓದತಕ್ಕದ್ದು.

ಆತ್ಮಕಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ; ಅಲ್ಲಿ ಖರ್ಚು, ನಾಯಕ, ಕವಿ ಮೂರೂ ಒಬ್ಬನೇ ಆದ್ದರಿಂದ ಶಾಸ್ತ್ರಕ್ಕೆ ಕೆಲಸವಿಲ್ಲ. ಬೀಚಿಯವರು ತಮ್ಮದಕ್ಕೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟದ್ದು ಮಾತ್ರ ಅಶಾಸ್ತ್ರೀಯ. ಆತ್ಮಕಥೆ ಬರೆಯುವವನು ಭಯಪಡುವುದುಂಟೇ? ಭಯ ನೆಂಟರಿಷ್ಟರಿಗೆ. ತೇಜಸ್ವಿಯವರ 'ಅಣ್ಣನ ನೆನಪು' ಇನ್ನೂ ದೊಡ್ಡ ಅಪಚಾರ. ಅಲ್ಲಿ ರಾಷ್ಟ್ರಕವಿ ಮನೆಯ ಅಪ್ಪನ ಹಾಗೆ ಓಡಾಡಿಕೊಂಡಿದ್ದಾರೆ.

ಶಾಸ್ತ್ರದ ತಿರುಳಿರುವುದು ಅಭಿನಂದನ ಗ್ರಂಥದಲ್ಲಿ. ಲಕ್ಷಣ: ಅರವತ್ತು ತುಂಬಿರಬೇಕು, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಶಿಷ್ಯರಿಗೆ ಇನ್ನೂ ಬಡ್ತಿ ಬಾಕಿ ಇರಬೇಕು. ಮೊದಲಿಗೆ ಸ್ವಾಮೀಜಿಗಳ ಆಶೀರ್ವಚನ. ಆಮೇಲೆ ಸಚಿವರ ಶುಭಸಂದೇಶ. ಇದು ಹಿಂದಿನ ತಿಂಗಳು ಬೇರೊಬ್ಬರಿಗೆ ಹೋದದ್ದೇ. ಎರಡನೆಯ ಪ್ಯಾರಾದಲ್ಲಿ ಆ ಪುಣ್ಯಾತ್ಮರ ಹೆಸರು ಹಾಗೇ ಉಳಿದುಕೊಂಡಿರುತ್ತದೆ. ನಂತರ ಸಮಿತಿಯ ಗ್ರೂಪ್ ಫೋಟೋ, ಮಧ್ಯದಲ್ಲಿ ಖಜಾಂಚಿ. ಆಮೇಲೆ 'ನಾ ಕಂಡಂತೆ ಮೇಷ್ಟ್ರು' ಎಂಬ ಹೆಸರಿನ ಲೇಖನಗಳು. ಇವು ಸಾಮಾನ್ಯವಾಗಿ "ನಾನು ಎಂ.ಎ.ಯಲ್ಲಿ ಮೊದಲ ರ‍್ಯಾಂಕ್ ಪಡೆದ ವರ್ಷ" ಎಂದು ಶುರುವಾಗುತ್ತವೆ. ಮೇಷ್ಟ್ರು ಮೂರನೆಯ ಪುಟದಲ್ಲಿ ಪ್ರವೇಶಿಸಿ, ಲೇಖಕರ ಚೊಚ್ಚಲ ಕವನಸಂಕಲನವನ್ನು ಮೆಚ್ಚಿ, ನಿರ್ಗಮಿಸುತ್ತಾರೆ. ಬಿಲ್ಹಣನ ಪರಂಪರೆ ನಿಂತಿಲ್ಲ.

ಕಟ್ಟಕಡೆಗೆ ಧರ್ಮಪತ್ನಿಯವರದು ಅರ್ಧ ಪುಟ. ಇಡೀ ಗ್ರಂಥದಲ್ಲಿ ನಿಜ ಸಂಗತಿ ಸಿಗುವುದು ಅಲ್ಲೇ: "ಇವರಿಗೆ ಗ್ಯಾಸ್ ಆಫ್ ಮಾಡುವುದು ಯಾವ ಕಡೆ ಅಂತ ಇನ್ನೂ ಗೊತ್ತಿಲ್ಲ." ಸಂಪಾದಕರು ಗಾಬರಿಯಾಗಿ, ಇದು ಮೇಷ್ಟ್ರ ಅಧ್ಯಯನ ತನ್ಮಯತೆಗೆ ನಿದರ್ಶನವೆಂದು ಮುನ್ನುಡಿಯಲ್ಲಿ ಸರಿಪಡಿಸಿರುತ್ತಾರೆ.

ಇಲ್ಲೊಂದು ಪೂರ್ವಪಕ್ಷ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಕಲ್ಲು ಸಿಕ್ಕಿದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ, ತನ್ನ ಭಂಟ ಮಣಲೇರನಿಗೆ ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು. ಅವನು ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ಕಾಡುಹಂದಿಯೊಂದನ್ನು ಹಿಡಿದು, ಎರಡೂ ಕಾದಾಡಿ ಸತ್ತವು. ಶಾಸನದಲ್ಲಿ ದೊರೆಗಳ ಗೆಲುವೂ ಇದೆ, ನಿಜ; ಆದರೆ ಕಲ್ಲಿನ ಮೇಲೆ ಕೆತ್ತಿರುವುದು ನಾಯಿ ಮತ್ತು ಹಂದಿಯನ್ನು. ಖರ್ಚು ಮಾಡಿದವನ ಚಿತ್ರವೂ ಇಲ್ಲ, ಬರೆದವನ ವಂಶಾವಳಿಯೂ ಇಲ್ಲ. ಹಾಗಾದರೆ ಮೂಲಸೂತ್ರದ ಗತಿ ಏನು ಎಂದು ಕೆಲವರು ಕೇಳುತ್ತಾರೆ.

ಸಿದ್ಧಾಂತ: ಸದರಿ ನಾಯಿಗೆ ಷಷ್ಟ್ಯಬ್ದಿ ಆಗಿರಲಿಲ್ಲ. ಆದ್ದರಿಂದ ಉದಾಹರಣೆ ಅಗ್ರಾಹ್ಯ.