ಕಾಶಿಗಿಂತ ಒಂದು ಗುಲಗಂಜಿ

ಕಾವೇರಿ, ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ಗುಡಿ ಇದೆ. ಸ್ವಾಮಿಯ ಕೈಯಲ್ಲಿ ಗುಲಗಂಜಿ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಪ್ರತೀತಿ. ನಾವು ನಂಜನಗೂಡಿನವರು ಅಷ್ಟು ಸೂಕ್ಷ್ಮದ ಲೆಕ್ಕಕ್ಕೆ ಹೋದವರಲ್ಲ. ‘ದಕ್ಷಿಣ ಕಾಶಿ’ ಅಂತ ಕರೆಸಿಕೊಂಡು, ಕಾಶಿಗೆ ಸಮವಾದರೆ ಸಾಕು ಅಂತ ಸುಮ್ಮನಿದ್ದೇವೆ. ಅಕ್ಕನನ್ನು ನರಸೀಪುರಕ್ಕೆ ಕೊಟ್ಟ ಮೇಲೆ ಇದು ಮನೆಯ ಜಗಳವಾಯಿತು. “ನಿಮ್ಮದು ಕಾಶಿಗೆ ಸಮ. ನಮ್ಮದು ಕಾಶಿಗಿಂತ ಒಂದು ಗುಲಗಂಜಿ ಮೇಲೆ. ಈಗ ನಿಮಗೂ ನಮಗೂ ಎಷ್ಟು ವ್ಯತ್ಯಾಸ, ನೀನೇ ಹೇಳಪ್ಪ” ಅನ್ನುತ್ತಾರೆ ಭಾವ. ಗೌರಿಹಬ್ಬಕ್ಕೆ ಬಾಗಿನ ತಗೊಂಡು ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ.

ಇಂಥವರ ಕೈಗೆ ಬೆಲೆ ಹೋಲಿಸುವ ವೆಬ್‌ಸೈಟುಗಳು ಸಿಕ್ಕವು.

ಭಾವ ನರಸೀಪುರದ ರೇಷ್ಮೆ ನೂಲು ಬಿಚ್ಚಾಣಿಕೆ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಬೆಂದ ಗೂಡಿನ ಎಳೆಯ ತುದಿ ಹುಡುಕುವ ತಾಳ್ಮೆ ಅವರದು. ಹೋಲಿಕೆಯೂ ಹೊಸದೇನಲ್ಲ. ನಮ್ಮೆರಡೂ ಊರಿನಲ್ಲಿ ಯಾರು ಏನು ಕೊಂಡು ತಂದರೂ ಬೀದಿಯಲ್ಲಿ ಎದುರಾಗುವ ಮೊದಲ ಮಾತು, “ಎಷ್ಟ್ ಕೊಟ್ರಿ?” ನೀವು ಎಷ್ಟಾದರೂ ಹೇಳಿ, ಕೇಳಿದವರು ಅದಕ್ಕಿಂತ ನೂರು ರೂಪಾಯಿ ಕಮ್ಮಿಗೆ ತಂದಿರುತ್ತಾರೆ. “ಮೋಸ ಹೋದ್ರಿ ಬುಡಿ” ಅಂತ ಸಮಾಧಾನವನ್ನೂ ಹೇಳುತ್ತಾರೆ. ಗುರುಗ್ರಾಮದಲ್ಲಿ 2008ರಲ್ಲಿ ಪಾಲಿಸಿಬಜಾರ್ ಹುಟ್ಟಿತಂತೆ. ನಮ್ಮ ಕಡೆ ಪ್ರತಿ ಜಗಲಿಯ ಮೇಲೂ ಒಬ್ಬರು ಅದಕ್ಕೆ ಮೊದಲಿಂದಲೂ ಕೂತಿದ್ದಾರೆ, ಕಮಿಷನ್ ಇಲ್ಲದೆ.

ಭಾವ ಮೊದಲು ಹೋಲಿಸಲು ಕೂತದ್ದು ಅಕ್ಕನ ಹಳೇ ಸ್ಕೂಟರಿನ ಥರ್ಡ್ ಪಾರ್ಟಿ ವಿಮೆಯನ್ನು. ಗಾಡಿ ನಂಬರು ಹಾಕಿದರು, ಮೊಬೈಲ್ ನಂಬರು ಹಾಕಿದರು, ಓಟಿಪಿ ಹಾಕಿದರು. ಕಂಪನಿಗಳ ದೊಡ್ಡ ಪಟ್ಟಿ ಬಂತು. ಮೇಲಿಂದ ಕೆಳಗಿನವರೆಗೂ ಒಂದೇ ರೇಟು: 714 ರೂಪಾಯಿ, ಜಿಎಸ್‌ಟಿ ಸೇರಿ 843. ಭಾವ ಕನ್ನಡಕ ಒರೆಸಿಕೊಂಡು ಮತ್ತೊಂದು ಸಲ ನೋಡಿದರು. “ಇದೇನೋ ಇದು, ನ್ಯಾಯಬೆಲೆ ಅಂಗಡೀನಾ?”

ಒಂದರ್ಥಕ್ಕೆ ಹೌದು. ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಯ ವಿಮೆಗೆ ದರ ಕಟ್ಟುವುದು ಕೇಂದ್ರ ಸರ್ಕಾರ. 75ರಿಂದ 150 ಸಿಸಿ ಒಳಗಿನ ದ್ವಿಚಕ್ರ ವಾಹನಕ್ಕೆ 714 ಅನ್ನುವ ದರ ಜಾರಿಗೆ ಬಂದದ್ದು 2022ರ ಜೂನ್‌ನಲ್ಲಿ. ಯಾವ ಕಂಪನಿಗೆ ಹೋದರೂ ಅಷ್ಟೇ. ಇದನ್ನು ಹೋಲಿಸಿ ತೋರಿಸಲಿಕ್ಕೂ ಒಂದು ಪರದೆ, ಅದರಲ್ಲಿ ‘ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ’ ಅಂತ ಒಂದು ಗುಂಡಿ. ಭಾವ ಆ ಗುಂಡಿಯನ್ನೂ ಒತ್ತಿದರು. ಪಟ್ಟಿ ಮಿಸುಕಲಿಲ್ಲ.

ಸ್ವಂತ ಗಾಡಿಗೆ ಪೆಟ್ಟು ಬಿದ್ದರೆ, ಕಳುವಾದರೆ ಅಂತ ಮಾಡಿಸುವ ವಿಮೆಯಲ್ಲಿ ಮಾತ್ರ ರೇಟು ಬೇರೆ ಬೇರೆ. ಒಂದು ಕಂಪನಿ ತೀರ ಅಗ್ಗ ಕಂಡಿತು. ನಾನು ಅದನ್ನೇ ಒತ್ತಿಬಿಡಿ ಅಂದೆ. ಭಾವ ಒತ್ತಲಿಲ್ಲ, ಎಳೆಯ ತುದಿ ಹುಡುಕತೊಡಗಿದರು. ಐಡಿವಿ ಅಂತ ಒಂದು ಅಂಕಣ ಇರುತ್ತದೆ: ಗಾಡಿ ಕಳುವಾದರೆ ಕಂಪನಿ ಅದಕ್ಕೆ ಕಟ್ಟುವ ಬೆಲೆ. ಐದು ವರ್ಷದವರೆಗೆ ಅದನ್ನು ಇಳಿಸಲಿಕ್ಕೆ ಕೋಷ್ಟಕ ಉಂಟು, ನಾಲ್ಕು ದಾಟಿದರೆ ಅರ್ಧ ಬೆಲೆ. ಐದೂ ದಾಟಿದ ಮೇಲೆ ಕಂಪನಿಗೂ ಮಾಲೀಕರಿಗೂ ಒಪ್ಪಿಗೆಯಾದಷ್ಟು. ಆ ಅಗ್ಗದ ಕಂಪನಿ ಅಕ್ಕನ ಸ್ಕೂಟರಿಗೆ ಸೈಕಲ್ಲಿನ ಬೆಲೆ ಕಟ್ಟಿತ್ತು. “ಸಾಮಾನು ಅಗ್ಗ ಅಲ್ಲ ಕಣೋ, ತೂಕದ ಕಲ್ಲೇ ಹಗುರ” ಅಂದರು. ಗುಲಗಂಜಿ ಊರಿನವರ ಹತ್ತಿರ ತೂಕದಲ್ಲಿ ಆಟ ಆಡಬಾರದು.

ಹಾಗಂತ ಈ ತಾಣಗಳು ನಿರುಪಯೋಗಿ ಅಂತ ನಾನು ಅನ್ನುವುದಿಲ್ಲ. 2020ರ ಏಪ್ರಿಲಿನಿಂದ ‘ಆರೋಗ್ಯ ಸಂಜೀವಿನಿ’ ಅಂತ, 2021ರ ಏಪ್ರಿಲಿನಿಂದ ಮನೆಗೆ ‘ಭಾರತ್ ಗೃಹ ರಕ್ಷಾ’ ಅಂತ ಪಾಲಿಸಿಗಳಿವೆ. ವಿಮಾ ನಿಯಂತ್ರಣ ಪ್ರಾಧಿಕಾರವೇ ಬರೆದುಕೊಟ್ಟ ಷರತ್ತುಗಳು. ಎಲ್ಲ ಕಂಪನಿಯಲ್ಲೂ ಒಳಗಿನ ಸರಕು ಒಂದೇ, ಬೆಲೆ ಮಾತ್ರ ಅವರವರದು. ಹೋಲಿಸಬೇಕಾದ್ದು ಇಂಥದ್ದನ್ನು. ಆದರೆ ತಾಣದಲ್ಲಿ ಇವು ಕಣ್ಣಿಗೆ ಬೀಳಬೇಕಾದರೆ ಬೆರಳು ಸವೆಯುವಷ್ಟು ಕೆಳಗೆ ಜಾರಿಸಬೇಕು. ಮೇಲುಗಡೆಯಲ್ಲಿ ಚಿನ್ನ, ವಜ್ರ, ಪ್ಲಾಟಿನಂ ಹೆಸರಿನವು ಸಾಲಾಗಿ ನಿಂತಿರುತ್ತವೆ. ಹೋಲಿಕೆ ತಾಣಗಳು ಯಾವ ಪಾಲಿಸಿಗೂ ರ‍್ಯಾಂಕು ಕೊಡಬಾರದು, ‘ಅತಿ ಹೆಚ್ಚು ಮಾರಾಟ’ ಅನ್ನಬಾರದು ಅಂತ ಪ್ರಾಧಿಕಾರ ಅವಕ್ಕೆಂದೇ ಮಾಡಿದ 2017ರ ನಿಯಮ ಹೇಳುತ್ತದೆ. ಆದರೂ ಪಟ್ಟಿ ಅಂದ ಮೇಲೆ ಯಾರಾದರೂ ಮೇಲೆ ಕೂರಲೇಬೇಕಲ್ಲ. ಮದುವೆ ಊಟದ ಮೊದಲ ಪಂಕ್ತಿಯಲ್ಲಿ ಯಾರು ಕೂತರು ಅಂತ ನಾವು ಗಮನಿಸದೆ ಬಿಡುತ್ತೇವೆಯೇ?

ಭಾರತ್ ಗೃಹ ರಕ್ಷಾದಲ್ಲಿ ಪ್ರವಾಹದ ಹಾನಿಯೂ ಸೇರುತ್ತದೆ ಅಂತ ಓದಿ ನನಗೆ ಸಂತೋಷವಾಯಿತು. 2018, 2019 ಎರಡೂ ವರ್ಷ ಆಗಸ್ಟಿನಲ್ಲಿ ಕಪಿಲೆ ಉಕ್ಕಿ, ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯೇ ಮುಳುಗಿ ಬಸ್ಸು ನಿಂತಿದ್ದವು. ಭಾವನಿಗೆ ಅದಕ್ಕಿಂತ ಬೇರೆಯದೇ ಖುಷಿ: “ನಿಮ್ಮ ಕಪಿಲೆ ಒಂದೇ. ನಮಗೆ ಎರಡು ಹೊಳೆ. ಅದೇ ಪ್ರೀಮಿಯಂಗೆ ಡಬಲ್ ಲಾಭ!”

ಕ್ಲೇಮು ಇತ್ಯರ್ಥದ ಅನುಪಾತದ ಅಂಕಣವನ್ನು ಅವರು ಒಪ್ಪಲೇ ಇಲ್ಲ. ಎಲ್ಲರದೂ 98, 99. “ಉಳಿದ ಎರಡರಲ್ಲಿ ನಾನಿದ್ದರೆ?” ಅಂದರು. ಅದಕ್ಕೆ ಉತ್ತರ ಯಾವ ಅಂಕಣದಲ್ಲೂ ಇರಲಿಲ್ಲ.

ಇನ್ನು ನಿಜವಾಗಿ ಬೇಕಾದ ಕಡೆ ಹೋಲಿಕೆಗೆ ಜಾಗವೇ ಇಲ್ಲ. ಭಾವನ ಭತ್ತದ ಬೆಳೆಗೆ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿಗೆ ರೈತ ಕಟ್ಟುವುದು ವಿಮಾ ಮೊತ್ತದ ನೂರಕ್ಕೆ 2. ಯಾವ ಕಂಪನಿ ಅನ್ನುವುದನ್ನು ಟೆಂಡರಿನಲ್ಲಿ ಸರ್ಕಾರ ಮೊದಲೇ ತೀರ್ಮಾನಿಸಿರುತ್ತದೆ. ಹಳ್ಳಿಯ ಸಹಕಾರ ಸಂಘದಲ್ಲಿ ಮಾಡಿಸುವ ಯಶಸ್ವಿನಿಯಂತೂ ಈ ತಾಣಗಳ ಪಟ್ಟಿಗೇ ಬರುವುದಿಲ್ಲ. 2003ರಲ್ಲಿ ಶುರುವಾದಾಗ ಅದಕ್ಕೆ ವರ್ಷಕ್ಕೆ ತಲೆಗೆ 60 ರೂಪಾಯಿ. ಅದರಲ್ಲಿ ಯಾರು ಯಾರಿಗೆ ಕಮಿಷನ್ ಕೊಟ್ಟಾರು?

ಮನೆಗೆಲಸದವರ ಬೆಲೆ ಹೋಲಿಸುವ ತಾಣಗಳದು ಇನ್ನೊಂದು ಚಂದ. ನಮ್ಮ ಸಂಪು ತೊಳೆಸಬೇಕಿತ್ತು. ಮಗಳು ಒಂದು ಆ್ಯಪಿನಲ್ಲಿ 571301 ಅಂತ ಪಿನ್‌ಕೋಡು ಹಾಕಿದಳು. ‘ನಿಮ್ಮ ಊರಿಗೆ ಶೀಘ್ರದಲ್ಲೇ ಬರುತ್ತೇವೆ’ ಅಂತ ಬಂತು. ಚುನಾವಣೆ ಸಮೀಪಿಸಿದಾಗ ಬರುವವರು ಹೇಳಿದ ಹಾಗೇ ಇತ್ತು. ಇನ್ನೊಂದು ತಾಣ ‘ನಂಜನಗೂಡಿನ ಅತ್ಯುತ್ತಮ ಹತ್ತು’ ತೋರಿಸಿತು. ವಿಳಾಸಗಳು ಬೋಗಾದಿ, ಹೆಬ್ಬಾಳ, ಕುವೆಂಪುನಗರ. ಅಷ್ಟೂ ಮೈಸೂರು. ಫೋನ್ ಮಾಡಿದರೆ, “ಬಂದು ಹೋಗೋ ಚಾರ್ಜು ಬೇರೆ ಸಾರ್.”

ಕಡೆಗೆ ಪಕ್ಕದ ಬೀದಿಯವನೇ ಬಂದ. ಅವನ ರೇಟು ಸಂಪಿನ ಅಳತೆಯ ಮೇಲಲ್ಲ. ನಿವೃತ್ತ ಇಂಜಿನಿಯರಿಗೆ ಒಂದು, ಮೇಷ್ಟ್ರಿಗೆ ಒಂದು, ಕಾಫಿ ಕೊಡುವ ಮನೆಗೆ ಒಂದು. ಬೆಂಗಳೂರಿನಲ್ಲಿ ಇದನ್ನೇ ಡೈನಮಿಕ್ ಪ್ರೈಸಿಂಗ್ ಅಂತ ಲಕ್ಷಗಟ್ಟಲೆ ಸಂಬಳದವರು ಮಾಡುತ್ತಾರೆ. ಇವನು ಗೇಟಿನಲ್ಲಿ ನಿಂತು ಒಳಗಿನ ಚಪ್ಪಲಿ ನೋಡಿ ಮಾಡುತ್ತಾನೆ. ಆ ದಿನ ಭಾವ ನಮ್ಮ ಮನೆಯಲ್ಲೇ ಇದ್ದರು. ಅವರ ಮಾತಿನಿಂದ ಬೀಗರು ನರಸೀಪುರದವರು ಅಂತ ತಿಳಿದು ಐವತ್ತು ರೂಪಾಯಿ ಹೆಚ್ಚು ಹೇಳಿದ. “ಗುಲಗಂಜಿ ಲೆಕ್ಕ” ಅಂತ ನಾನು ತೋರಿಸಿಕೊಟ್ಟೆ. ಭಾವ ಮಾತಾಡಲಿಲ್ಲ.

ಆದರೆ ಮೊಬೈಲ್ ನಂಬರು ಕೊಟ್ಟಾಗಿತ್ತಲ್ಲ. ಅವತ್ತಿನಿಂದ ಭಾವನಿಗೆ ಫೋನುಗಳ ಜಾತ್ರೆ. ಬೇರೆಯವರಾಗಿದ್ದರೆ ನಂಬರು ಬ್ಲಾಕು ಮಾಡುತ್ತಿದ್ದರು. ಭಾವ ನಿವೃತ್ತರು, ಮಾತಾಡಲು ಜನ ಬೇಕು. ಹಿಂದಿಯವರಿಗೆ ತ್ರಿವೇಣಿ ಸಂಗಮದ ಮಹಾತ್ಮೆ ಹೇಳಿ, ನರಸೀಪುರದಲ್ಲೂ 1989ರಿಂದ ಕುಂಭಮೇಳ ನಡೆಯುತ್ತಿದೆ, ಬನ್ನಿ ಅಂತ ಆಹ್ವಾನ ಕೊಡುತ್ತಾರೆ. ಅವರೇ ಫೋನ್ ಇಡುತ್ತಾರೆ. ಒಬ್ಬಳು ಮಾತ್ರ ಹಾಸನದ ಕಡೆಯ ಹುಡುಗಿ, ಬೆಂಗಳೂರಿನಲ್ಲಿ ಕೆಲಸ, ಅಚ್ಚ ಕನ್ನಡ.

“ಸರ್, ನಮ್ಮ ಪ್ಲಾನ್ ಬೇರೆಯವರ ಜೊತೆ ಹೋಲಿಸಿ ನೋಡಿದ್ರಾ?”

“ಅದಿರಲಿ ಕಣಮ್ಮ, ನಿಂಗೆ ಸಂಬಳ ಎಷ್ಟು ಕೊಡ್ತಾರೆ?”

ಅವಳು ಹೇಳಿದಳು. “ಮೋಸ ಹೋದೆ ಬುಡು” ಅಂದರು ಭಾವ. ಹಾಗೇ ಮಾತಿಗೆ ಮಾತು ಬೆಳೆದು, ಮನೆಯಲ್ಲಿ ಅವಳಿಗೆ ಗಂಡು ನೋಡುತ್ತಿದ್ದಾರೆ ಅನ್ನುವುದೂ ತಿಳಿಯಿತು. ಕಳೆದ ಭಾನುವಾರ ಹೋದಾಗ ಭಾವ ಅಡ್ಡಗೆರೆ, ಉದ್ದಗೆರೆ ಎಳೆದ ಹಾಳೆ ಮುಂದಿಟ್ಟುಕೊಂಡು ಕೂತಿದ್ದರು. ಮೇಲೆ ಮೂವರು ಹುಡುಗರ ಹೆಸರು. ಪಕ್ಕದಲ್ಲಿ ಸಂಬಳ, ಸ್ವಂತ ಮನೆ, ವರುಣಾ ನಾಲೆ ನೀರು ಹರಿಯುವ ಗದ್ದೆ, ಅತ್ತೆಯ ಸ್ವಭಾವ. ಕೊನೆಯ ಅಂಕಣ ಖಾಲಿ ಇತ್ತು. ಇದೇನು ಅಂತ ಕೇಳಿದೆ.

“ಐಡಿವಿ. ಐದು ವರ್ಷ ಆದಮೇಲೆ ಎಷ್ಟು ಉಳೀತಾನೆ ಅಂತ. ಅದನ್ನ ಹುಡುಗಿ ಕಡೆಯವರೇ ತುಂಬ್ಕೋಬೇಕು” ಅಂದರು.