ಗಂಡಿನ ಕಡೆಯವರು

ನಾಯಿ ಬೇಕೆನ್ನುವವರಲ್ಲಿ ಎರಡು ಪಂಗಡ. ಬೇಕು ಅಂದು ತಂದುಕೊಳ್ಳುವವರ ಬಗ್ಗೆ ಬರೆಯುವುದಕ್ಕೇನೂ ಇಲ್ಲ. ಬೇಕೆಂದು ಬಾಯಿಬಿಡದೆ, "ನಾನು ಸೇವೆಗೆ ಬಂದವನು" ಅಂತ ಅಂಗಿಯ ತೋಳು ಮಡಚಿ, ಒಂದು ನಾಯಿಯ ಮೈ ಉಜ್ಜುತ್ತ ಇನ್ನೊಂದನ್ನು ಓರೆಗಣ್ಣಲ್ಲಿ ನೋಡುವವರಿದ್ದಾರಲ್ಲ, ಅವರದೇ ಬೇರೆ ಕುಲ. ನಮ್ಮ ಭಾವ ಆ ಕುಲಕ್ಕೆ ತಿಲಕ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಅವರ ಮನೆಯ ಹತ್ತಿರವೇ ನಾನೂ ಇರುವುದು ನನ್ನ ಕರ್ಮ. ಕಾರು ಓಡಿಸುವುದು ನನ್ನ ಪಾಲಿನ ಸೇವೆ.

ಭಾವನ ಕಣ್ಣು ಬಿದ್ದಿರುವುದು ರೇಸು ಬಿಟ್ಟ ಗ್ರೇಹೌಂಡುಗಳ ಮೇಲೆ. ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ 1926ರಲ್ಲಿ ಶುರುವಾದ ಟ್ರ್ಯಾಕ್ ರೇಸು ಈ ದೇಶದಲ್ಲಿ ಇನ್ನೂ ನಿಂತಿಲ್ಲ. ಯಂತ್ರದ ಮೊಲದ ಹಿಂದೆ ಗಂಟೆಗೆ 60 ಕಿಲೋಮೀಟರ್ ಮೀರಿ ಓಡಿದ ನಾಯಿ ನಾಲ್ಕೈದು ವರ್ಷ ತುಂಬುವಷ್ಟರಲ್ಲಿ ಮಾಜಿ. ಅಂಥವಕ್ಕೆ ಮನೆ ಹುಡುಕಿಕೊಡುವ ಕೆನಲ್ ಒಂದು ಊರಾಚೆ ಇದೆ. ಆಗೊಮ್ಮೆ ಈಗೊಮ್ಮೆ ಅಲ್ಲಿ ಗ್ರೂಮಿಂಗ್ ದಿನ. ಗ್ರೇಹೌಂಡಿಗೆ ಗ್ರೂಮಿಂಗ್ ಅಂದರೆ ಹೇಳಿಕೊಳ್ಳುವಂಥದ್ದೇನಿಲ್ಲ. ಕೂದಲು ಗಿಡ್ಡ, ಚರ್ಮ ತೆಳು, ಆದ್ದರಿಂದ ರಬ್ಬರ್ ಬ್ರಷ್. ಆಮೇಲೆ ಕಿವಿ ಒರೆಸು, ಹಲ್ಲುಜ್ಜು, ಉಗುರು ಕತ್ತರಿಸು. ಉಳಿದವರು ಮೂರು ನಾಯಿ ಮುಗಿಸುವಾಗ ಭಾವ ಇನ್ನೂ ಒಂದರ ಕಿವಿಯಲ್ಲೇ ಇರುತ್ತಾರೆ.

ಕಿವಿಯಲ್ಲೇ ಯಾಕೆಂದರೆ ಅಲ್ಲಿ ಹಚ್ಚೆ ಇದೆ. ರೇಸಿನ ನಾಯಿಗಳಿಗೆ ಮರಿಯಿದ್ದಾಗಲೇ ಗುರುತಿನ ಅಕ್ಷರ ಚುಚ್ಚಿರುತ್ತಾರೆ. ಅದನ್ನು ಫೋನಿನಲ್ಲಿ ಹಾಕಿದರೆ ಅಪ್ಪ, ಅಮ್ಮ, ಅಜ್ಜ, ಓಡಿದ ರೇಸು, ಬಂದ ಸ್ಥಾನ ಎಲ್ಲ ಹೊರಬೀಳುತ್ತದೆ. ಜಾತಕ ಕೈಗೆ ಸಿಕ್ಕಮೇಲೆ ಭಾವ ಹೆಣ್ಣು ನೋಡಲು ಬಂದವರೇ. "ಹುಟ್ಟಿದ್ದು ಐರ್ಲೆಂಡು ಕಣಯ್ಯ, ಇಲ್ಲಿ ಓಡೋವು ಬಹುಪಾಲು ಅಲ್ಲಿಯವೇ. ಅಪ್ಪ ದೊಡ್ಡ ಓಟಗಾರ. ಇದು ಮಾತ್ರ ಆರು ನಾಯಿ ಓಡಿದ್ರೆ ಆರನೇದು. ಸಾಧು ಸ್ವಭಾವ ನೋಡು, ಯಾರನ್ನೂ ಹಿಂದೆ ಹಾಕೋ ದುರಾಸೆ ಇಲ್ಲ."

ಸಿಕ್ಕ ಬಿಳಿಯರಿಗೆಲ್ಲ ಮುಧೋಳ ನಾಯಿಯ ಕಥೆ ಹೇಳುವುದು ಇನ್ನೊಂದು ಚಟ. ಅದರ ಚಿತ್ರವಿರುವ 2005ರ ಅಂಚೆಚೀಟಿ ಅವರ ಪರ್ಸಿನಲ್ಲೇ ಇರುತ್ತದೆ. ಮುಧೋಳದ ಘೋರ್ಪಡೆ ರಾಜರು ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರೆಂಬ ಮಾತನ್ನು ಭಾವ ಸಾಲದ ಲೆಕ್ಕಕ್ಕೆ ಹಚ್ಚಿಕೊಂಡಿದ್ದಾರೆ. "ನಿಮ್ಮ ರಾಜನಿಗೆ ನಾವು ಎರಡು ಕೊಟ್ಟಿದ್ದೀವಿ. ನಾನು ಕೇಳ್ತಿರೋದು ಒಂದೇ."

ಆದರೆ ನನ್ನ ಪ್ರಾಣ ತೆಗೆದದ್ದು ಉಗುರು. ಕರಿ ಉಗುರಿನೊಳಗೆ ರಕ್ತನಾಳ ಎಲ್ಲಿಗೆ ಮುಗಿಯುತ್ತದೆಂದು ಹೊರಗಿನಿಂದ ಕಾಣುವುದಿಲ್ಲ. ಚೂರುಚೂರೇ ಕತ್ತರಿಸುತ್ತ ಹೋಗಿ, ಕೊಯ್ದ ಜಾಗದ ನಡುವೆ ಕಪ್ಪು ಚುಕ್ಕೆ ಮೂಡಿದ ಕೂಡಲೇ ಕೈ ನಿಲ್ಲಿಸಬೇಕು. ಆವತ್ತು ಕಪ್ಪು ಹೆಣ್ಣು ನಾಯಿಯೊಂದರ ಉಗುರಿಗೆ ಕೆನಲ್ಲಿನ ಹುಡುಗಿ ಕೂತಳು. ಕಾಲು ಹಿಡಿದವನು ನಾನು. ತಲೆ ಮತ್ತು ಹಗ್ಗ ಭಾವನ ಸುಪರ್ದಿಗೆ. ಗ್ರೇಹೌಂಡು ಮಹಾ ನಾಟಕದ ಪ್ರಾಣಿ, ನೋವಾಗುವ ಮೊದಲೇ ಕೂಗಿಕೊಳ್ಳುತ್ತದೆ. ಕಟರ್ ಇನ್ನೂ ಗಾಳಿಯಲ್ಲಿತ್ತು. ನಾಯಿ ಪ್ರಾಣ ಹೋದ ಹಾಗೆ ಕಿರುಚಿತು. ಅದಕ್ಕಿಂತ ಒಂದು ಶ್ರುತಿ ಮೇಲೆ ಭಾವ, "ಅಯ್ಯೋ, ರಕ್ತ!" ಅಂತ ಕಿರುಚಿ ಹಗ್ಗ ಬಿಟ್ಟರು. ಆರರಲ್ಲಿ ಆರನೆಯದಾಗಿ ಬರುತ್ತಿದ್ದ ಆ ಸಾಧುಪ್ರಾಣಿ ಮೈದಾನವನ್ನು ಸುತ್ತಿದ ವೇಗ ನೋಡಿದ್ದರೆ ಅದರ ಹಳೆಯ ಯಜಮಾನ ಎದೆ ಒಡೆದುಕೊಳ್ಳುತ್ತಿದ್ದ. ನಾವೆಲ್ಲ ಚೀಸ್ ತುಂಡು ಹಿಡಿದು ಹಿಂದೆ. ಭಾವ ಬೆಂಚಿನ ಮೇಲೆ, ಕಣ್ಣು ಮುಚ್ಚಿಕೊಂಡು. ರಕ್ತ ಒಂದು ತೊಟ್ಟೂ ಇರಲಿಲ್ಲ. ಸುಸ್ತಾದ ಮೇಲೆ ನಾಯಿ ತಾನಾಗಿಯೇ ಬಂದು ಭಾವನ ಮಂಡಿಗೆ ಮೈಯೆಲ್ಲ ಒರಗಿಸಿ ನಿಂತಿತು.

"ಅಷ್ಟು ಜನರಲ್ಲಿ ನನ್ನ ಹತ್ರಾನೇ ಬಂತಲ್ಲ" ಅಂತ ವಾಪಸು ದಾರಿಯುದ್ದಕ್ಕೂ ಕೇಳಬೇಕಾಯಿತು. ಕೋಟಿನ ಜೇಬಲ್ಲಿ ಅಕ್ಕ ಕಟ್ಟಿಕೊಟ್ಟ ಚಕ್ಕುಲಿ ಇತ್ತು ಅನ್ನುವುದನ್ನು ನಾನು ಎತ್ತಲಿಲ್ಲ.

ಕೊನೆಗೊಮ್ಮೆ ಅರ್ಜಿ ಹಾಕಿದರು. ಫಾರಂ ಹಿಡಿದ ಹೆಂಗಸು ಹಿತ್ತಲ ಬೇಲಿ ಎಷ್ಟೆತ್ತರ, ಬೆಕ್ಕು ಇದೆಯೇ, ನಾಯಿ ಎಷ್ಟು ಹೊತ್ತು ಒಂಟಿಯಾಗಿರಬೇಕು ಅಂತ ಕೇಳುತ್ತ ಹೋದಳು. ಅಂಕ ಹೆಚ್ಚಿಸಿಕೊಳ್ಳುವ ಹುರುಪಿನಲ್ಲಿ ಭಾವ, "ನಾವು ಶುದ್ಧ ಸಸ್ಯಾಹಾರಿಗಳು" ಅಂದರು. ಆಕೆಯ ಪೆನ್ನು ನಿಂತಿತು. "ನಾಯಿ?" "ಅದಕ್ಕೆ ಮಾಂಸವೇ. ಗ್ಯಾರೇಜಿನಲ್ಲಿ." ಆಮೇಲೆ ತಿಳಿಸುತ್ತೇವೆ ಅಂದಳು. ನಮ್ಮಕ್ಕನನ್ನು ನೋಡಲು ಬಂದಾಗ ಭಾವನ ಕಡೆಯವರು ಉಪ್ಪಿಟ್ಟು ತಿಂದು ಹೇಳಿಹೋದದ್ದೂ ಇದನ್ನೇ. ನನಗೆ ಒಳಗೊಳಗೇ ಖುಷಿಯಾಯಿತು ಅಂತ ಬರೆದರೆ ಅಕ್ಕ ಓದುತ್ತಾಳೆ.

ಅವಳ ತಕರಾರು ಬೇರೆಯೇ. "ನಾಯಿ ಒಳಗೆ ಬಂದ್ರೆ ದೇವರನ್ನ ಎಲ್ಲಿಡ್ಲಿ?" ಚಾಮರಾಜಪುರಂನ ಮನೆಯಲ್ಲಿ ಭಾವನ ಅಜ್ಜಿಯೂ ಇದೇ ಮಾತು ಹೇಳುತ್ತಿದ್ದರಂತೆ. ಬೀದಿನಾಯಿಗೆ ರೊಟ್ಟಿ ಹಾಕುವುದಿದ್ದರೆ ಗೇಟಿನಾಚೆ. ಮಳೆ ಬಂದರೂ ಗೇಟಿನಾಚೆಯೇ. ಇದನ್ನು ಭಾವ ತಮಾಷೆಯಾಗಿಯೇ ಹೇಳುತ್ತಾರೆ, ಆದರೆ ಪ್ರತಿ ಸಲ ಹೇಳುತ್ತಾರೆ. ಮಕ್ಕಳಿಬ್ಬರೂ ಬೇರೆ ಊರು ಸೇರಿದ್ದಾರೆ. ರೈಲ್ವೆ ಸಿಗ್ನಲ್ಲಿನ ಕೆಲಸ ಮುಗಿದ ಮೇಲೆ ಭಾವ ಎದ್ದು ಹೊರಡಬೇಕಾದ ಜಾಗವೇ ಇರಲಿಲ್ಲ. ಈಗ ಗ್ರೂಮಿಂಗ್ ದಿನದ ಹಿಂದಿನ ರಾತ್ರಿಯೇ ಹಳೆಯ ಪ್ಯಾಂಟು ಇಸ್ತ್ರಿಯಾಗಿರುತ್ತದೆ.

ಒಪ್ಪಿಗೆ ಪತ್ರ ಎಂದೋ ಬಂತು. ಅಕ್ಕ ದೇವರನ್ನು ಮಹಡಿಗೆ ಏರಿಸಿದಳು. ಈ ನಾಯಿಗಳಿಗೆ ಮೆಟ್ಟಿಲು ಹತ್ತಿ ಅಭ್ಯಾಸವಿಲ್ಲವಂತೆ. ನಾಯಿ ಮಾತ್ರ ಬಂದಿಲ್ಲ. ಯಾವುದನ್ನು ನೋಡಲು ಹೋದರೂ, ಅದನ್ನೇ ನೋಡಲು ಇನ್ನೊಂದು ಸಂಸಾರ ಬಂದಿರುತ್ತದೆ. ಭಾವ ಪಕ್ಷ ಬದಲಾಯಿಸಿಬಿಡುತ್ತಾರೆ. ಹಚ್ಚೆ ತೋರಿಸಿ ವಂಶ ಹೊಗಳುತ್ತಾರೆ, ಹಲ್ಲು ತೋರಿಸುತ್ತಾರೆ, ಆರನೇ ಸ್ಥಾನಗಳನ್ನು ಮುಚ್ಚಿಡುತ್ತಾರೆ, ಆಮೇಲೆ ಧ್ವನಿ ತಗ್ಗಿಸಿ, "ನಿಮ್ಮ ಬೇಲಿ ಎಷ್ಟೆತ್ತರ?" ಅಂತ ಅಡ್ಡಪರೀಕ್ಷೆ ಮಾಡುತ್ತಾರೆ. ಫಾರಂ ಹೆಂಗಸು ಈಗ ಆ ಕೆಲಸವನ್ನು ಇವರಿಗೇ ಬಿಟ್ಟು ಟೀ ಕುಡಿಯಲು ಹೋಗುತ್ತಾಳೆ.

"ಹಾಗಾದ್ರೆ ನೀವು ತಗೊಳೋದು ಯಾವಾಗ ಭಾವ?" ಅಂತ ಕಳೆದ ಸಲ ಕೇಳಿಯೇಬಿಟ್ಟೆ.

"ಕರೀ ನಾಯಿಗಳನ್ನ ಬೇಗ ಯಾರೂ ಕೇಳಲ್ಲ ಕಣಯ್ಯ. ಇವಳದ್ದೊಂದು ಆಗ್ಲಿ" ಅಂದರು. ಕಿರುಚಿದ್ದಳಲ್ಲ, ಅವಳೇ. ಸಂಜೆ ಯಾರೋ ನೋಡಲು ಬರುವವರಿದ್ದರಂತೆ. "ಸುಮ್ಮನೆ ನಿಂತಿದ್ದೀಯಲ್ಲ, ಆ ಹಿಂಗಾಲು ಹಿಡ್ಕೋ. ಕಿರುಚ್ತಾಳೆ, ನೀನು ಕಿರುಚಬೇಡ."