ಆರು ತಿಂಗಳ ವೀಸಾ, ಆರಿಂಚಿನ ಕುಂಡ

ಶಿಕಾಗೋ ಸುತ್ತಿನ ಕನ್ನಡದ ಮನೆಗಳಲ್ಲಿ ಬಾಲ್ಕನಿ ತೋಟದ ಮಾತು ಶುರುವಾಗುವುದು ಊರಿನಿಂದ ಅಮ್ಮ ಬಂದಿಳಿದ ವಾರದಲ್ಲೇ. ಸಂದರ್ಶಕ ವೀಸಾದವರಿಗೆ ಸಾಮಾನ್ಯವಾಗಿ ಸಿಗುವ ಗಡುವು 6 ತಿಂಗಳು. ಅಲ್ಲಿ ಫ್ರಾಸ್ಟ್ ಕಾಟವಿಲ್ಲದ ಕಾಲ ಹೆಚ್ಚುಕಡಿಮೆ ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಕೊತ್ತಂಬರಿಗೂ ಅಮ್ಮನಿಗೂ ಒಂದೇ ಸೀಸನ್ನು.

ನೇಪರ್‌ವಿಲ್‌ನ ಅಂಥದೊಂದು ಮನೆ. ಬಾಲ್ಕನಿ 4 ಅಡಿ ಅಗಲ, 8 ಅಡಿ ಉದ್ದ. ಮಗರಾಯ ಸಾಫ್ಟ್‌ವೇರಿನವನು, ಕುಂಡ ಕೊಳ್ಳುವ ಮೊದಲೇ ಎಕ್ಸೆಲ್ ತೆರೆದು ಕೂತ. ತೊಡಕು ಅಲ್ಲೇ ಎದುರಾಯಿತು. ಅಮೆರಿಕದಲ್ಲಿ ಕುಂಡ ಸಿಗುವುದು ಇಂಚಿನ ಇಲ್ಲವೇ ಗ್ಯಾಲನ್ ಲೆಕ್ಕದಲ್ಲಿ, ಅದಕ್ಕೆ ತುಂಬುವ ಮಿಶ್ರಣ ಕ್ವಾರ್ಟ್ ಇಲ್ಲವೇ ಘನ ಅಡಿಯ ಲೆಕ್ಕದಲ್ಲಿ. ಸಾಲದ್ದಕ್ಕೆ ನರ್ಸರಿಯ ‘1 ಗ್ಯಾಲನ್’ ಕುಂಡ ಹಿಡಿಯುವುದು ಮುಕ್ಕಾಲು ಗ್ಯಾಲನ್ನಿಗಿಂತ ಕಮ್ಮಿ, 3 ಲೀಟರಿನೊಳಗೆ.

“ಅಳತೇಲೂ ಮೋಸಾನಾ ಇಲ್ಲಿ?” ಎಂದರು ಅಮ್ಮ.

ಅಮ್ಮ ತಿಪಟೂರಿನವರು. ಅವರ ಲೆಕ್ಕದಲ್ಲಿ ಕೆಮ್ಮಣ್ಣು ಒಂದು ಪಾಲು, ಮರಳು ಒಂದು ಪಾಲು, ಹಳೇ ಕೊಟ್ಟಿಗೆ ಗೊಬ್ಬರ ಒಂದು ಪಾಲು. ತುಳಸಿಗೆಂದು ಒಂದು ಹಿಡಿ ಮಣ್ಣನ್ನು ಸೂಟ್‌ಕೇಸಿಗೆ ಹಾಕಲು ಹೊರಟವರನ್ನು ಮಗ ಫೋನಿನಲ್ಲೇ ತಡೆದಿದ್ದ: ಪರವಾನಗಿಯಿಲ್ಲದೆ ಭಾರತದ ಮಣ್ಣು ಅಮೆರಿಕದೊಳಕ್ಕೆ ಹೋಗುವಂತಿಲ್ಲ. ಹಸಿ ಕರಿಬೇವಿಗೂ ಅದೇ ಗತಿ. ಅದು ನಿಂಬೆ, ಕಿತ್ತಳೆಯ ವಂಶ. ನಿಂಬೆ, ಕಿತ್ತಳೆ ಮರಗಳನ್ನೇ ಕೊಲ್ಲುವ ಗ್ರೀನಿಂಗ್ ರೋಗ ಹರಡುವ ಸಿಲಿಡ್ ಎಂಬ ಪುಟ್ಟ ಕೀಟ ಎಲೆಯ ಮೇಲೆ ಕೂತು ಬಂದೀತೆಂಬ ಭಯ. 2005ರಲ್ಲಿ ಫ್ಲಾರಿಡಾದ ಕಿತ್ತಳೆ ತೋಟಗಳಿಗೆ ಆ ರೋಗ ಕಾಲಿಟ್ಟ ಮೇಲಂತೂ ಒಗ್ಗರಣೆ ಸೊಪ್ಪಿನ ಮೇಲೆ ಕಣ್ಣು ಇನ್ನೂ ಬಿಗಿಯಾಗಿದೆ.

ಅಂಗಡಿಯಿಂದ ಬಂದ ಚೀಲದ ಬೆನ್ನಿನ ಸಣ್ಣಕ್ಷರವನ್ನು ಸೊಸೆ ಓದಿದಳು: ಪೀಟ್ ಮಾಸ್, ಪರ್ಲೈಟ್, ತೊಗಟೆ ಚೂರು.

“ಮಣ್ಣು?”

“ಮಣ್ಣಿಲ್ಲ, ಅತ್ತೆ.”

ಅಮ್ಮ ಬಿಳಿ ಪರ್ಲೈಟನ್ನು ಬೆರಳಲ್ಲಿ ಹಿಸುಕಿ, ಸಬ್ಬಕ್ಕಿಯೇ ಇರಬೇಕೆಂದು ತೀರ್ಮಾನಿಸಿದರು. ಅದು ಕುಲುಮೆಯ ಬಿಸಿಗೆ ಅರಳಿದ ಜ್ವಾಲಾಮುಖಿ ಗಾಜು. ಜೊತೆಗೆ 650 ಗ್ರಾಮಿನ ಕೋಕೋಪೀಟ್ ಇಟ್ಟಿಗೆಯೊಂದಿತ್ತು. ಬಕೆಟ್ಟಿನಲ್ಲಿ ನೀರು ಕುಡಿದು 8-9 ಲೀಟರಿನಷ್ಟು ಉಬ್ಬಿತು. ಲೇಬಲ್ಲಿನ ಮೇಲೆ ಭಾರತದ ಹೆಸರು. ಊರಿನ ಮಣ್ಣಿಗೆ ಸಿಗದ ವೀಸಾ ಕಾಯಿಸಿಪ್ಪೆಗೆ ಸಿಕ್ಕಿತ್ತು. “ಬಚ್ಚಲೊಲೆಗೆ ಹಾಕೋದಕ್ಕೆ ಡಾಲರ್ ಕೊಟ್ಯೇನೋ?” ಎಂಬ ಪ್ರಶ್ನೆಗೆ ಎಕ್ಸೆಲ್‌ನಲ್ಲಿ ಉತ್ತರವಿರಲಿಲ್ಲ.

ತಳಕ್ಕೆ ಜಲ್ಲಿ ಹಾಕಬೇಕೆಂದು ಅಮ್ಮ, ಕೂಡದೆಂದು ಮಗ. ಇದರಲ್ಲಿ ಮಾತ್ರ ಮಗನದೇ ಸರಿ. ಮೇಲಿನ ಮಿಶ್ರಣ ಪೂರ್ತಿ ನೆನೆದು ತುಂಬುವವರೆಗೆ ನೀರು ಜಲ್ಲಿಗೆ ಇಳಿಯುವುದಿಲ್ಲ. ತಳದಲ್ಲಿರಬೇಕಾದ ಒದ್ದೆ ಪದರ ಜಲ್ಲಿಯ ಎತ್ತರಕ್ಕೆ ಏರಿ ಬೇರಿಗೆ ಅಂಟಿಕೊಳ್ಳುತ್ತದೆ. ಮಣ್ಣು ಸೋರದಂತೆ ತೂತಿನ ಮೇಲೆ ಹೆಂಚಿನ ಚೂರಾದರೂ ಬೇಕೆಂದು ಅಮ್ಮ ರಾಜಿಗೆ ಬಂದರು. ನೇಪರ್‌ವಿಲ್‌ನಲ್ಲಿ ಹೆಂಚೆಲ್ಲಿ? ಸಂಜೆಯ ಹೊತ್ತಿಗೆ ಮಗನಿಗೆ ಕಂಪನಿ ಕೊಟ್ಟಿದ್ದ ಕಾಫಿ ಮಗ್ಗು ಒಡೆದಿತ್ತು. ಹೇಗೆಂದು ಯಾರೂ ಕೇಳಲಿಲ್ಲ.

ಉಳಿದದ್ದು ಸಲೀಸಾಗಿ ಇತ್ಯರ್ಥವಾಯಿತು. ಮೆಂತ್ಯಕ್ಕೆ 6 ಇಂಚು ಆಳ ಸಾಕು. ಕೊತ್ತಂಬರಿ ತಾಯಿಬೇರು ಇಳಿಸುತ್ತದೆ, ಅದಕ್ಕೆ 8ರಿಂದ 10. ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ, ಜುಲೈ ಬಿಸಿಲಿಗೆ ಹೂವಿಗೇರುತ್ತದೆ. ಶಿಕಾಗೋದ ಭಾರತೀಯ ಅಂಗಡಿಗಳ ಬೀದಿ ಡೆವನ್ ಅವೆನ್ಯೂವಿನಿಂದ ತಂದ ಬೀಜವನ್ನು ಅಮ್ಮ ಲಟ್ಟಣಿಗೆಯಡಿ ಉರುಳಿಸಿ ಎರಡೆರಡು ಹೋಳು ಮಾಡಿದರು. ನೆಲದಡಿ ಕಾಂಡ ಓಡಿಸಿ ಪಕ್ಕದವರ ಜಾಗ ಕಬಳಿಸುವ ಪುದೀನಕ್ಕೆ ಪ್ರತ್ಯೇಕ ಕುಂಡ.

ಕರಿಬೇವಿನ ಮರಿ ಬಂದದ್ದು ಕನ್ನಡ ಕೂಟದ ಗೆಳತಿಯೊಬ್ಬರ ಗಿಡದ ಬುಡದಿಂದ. ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯತೊಡಗಿದಾಗ ಅದನ್ನು ಒಳಗೆ ತರಬೇಕು, ಚಳಿಗಾಲವಿಡೀ ಬಿಸಿಲಿನ ಕಿಟಕಿ ಕೊಡಬೇಕು. ಮನೆಯಲ್ಲಿ ದಕ್ಷಿಣದ ಕಿಟಕಿ ಇರುವುದು ಅತಿಥಿ ಕೋಣೆಯಲ್ಲಿ ಮಾತ್ರ, ಅದರ ಕೆಳಗೇ ಮಂಚ. ನವೆಂಬರಿನಲ್ಲಿ ಆ ಮಂಚದ ಮೇಲೆ ಮಲಗಬೇಕಾದವರು ಸೊಸೆಯ ಅಪ್ಪ ಅಮ್ಮ.

“ಬೀಗರು ಹಾಲ್‌ನಲ್ಲಿ ಮಲಗ್ತಾರೆ ಬಿಡು” ಎಂದರು ಅಮ್ಮ. ಮಗ ಎಕ್ಸೆಲ್‌ನ ಆ ಕೋಶಕ್ಕೆ ಹಳದಿ ಬಳಿದು ‘ಚರ್ಚಿಸಬೇಕು’ ಎಂದು ಬರೆದ. ಸೊಸೆ ಅದನ್ನು ಕೆಂಪು ಮಾಡಿದಳು.